ಸೀಲು ಹಾಕಿದ ಮುಚ್ಚಳದ ಕೆಳಗಿನ ಹೆಸರು

ಕಾಲೇಜು ಗ್ರಂಥಾಲಯದ ಕಂಪ್ಯೂಟರಿಗೆ ಹದಿನಾಲ್ಕು ವರ್ಷ. ಅದರ ಎರಡು ರ‍್ಯಾಮ್‌ಗಳಲ್ಲಿ ಒಂದು ಕೆಟ್ಟಿತ್ತು. ಹೊಂದುವ ಹೊಸದನ್ನು ತರಿಸಲು ಮದರ್‌ಬೋರ್ಡಿನ ಹೆಸರು ಬೇಕಿತ್ತು. ಸಂಜೆಯೊಳಗೆ ಹೆಸರು ತಿಳಿಯದಿದ್ದರೆ ಇಡೀ ಯಂತ್ರ ಗುಜರಿಗೆ. ಅಡ್ಮಿನ್ ಆಗಿದ್ದ ಗುಮಾಸ್ತರು ವರ್ಗವಾಗಿ ಮೂರು ವರ್ಷ.

ಮೌಸ್ ಹೋಗಿ ಲಾಗಿನ್ ಬಾಗಿಲು ಕಾಯುತ್ತಿದ್ದ ಪಾಸ್‌ವರ್ಡ್ ಬಳಿ ಬೇಡಿತು: “ಸ್ವಾಮಿ, ಒಳಗೆ ಬಿಡಿ, ಮದರ್‌ಬೋರ್ಡಿನ ಹೆಸರೊಂದು ನೋಡಬೇಕು.”

“ನೀನು ಅಡ್ಮಿನ್ನೇ?”

“ಅಲ್ಲ.”

“ಹಾಗಾದರೆ ಅವರೇ ಬರಲಿ.”

ಒಳಗಿನಿಂದ ಮದರ್‌ಬೋರ್ಡ್ ಕೂಗಿತು: “ಹೆಸರು ನನ್ನ ಹಣೆಯ ಮೇಲೆಯೇ ಅಚ್ಚಾಗಿದೆ, ನನಗೆ ಕಾಣದು ಅಷ್ಟೆ. ಸ್ಕ್ರೂಡ್ರೈವರಣ್ಣ, ಮುಚ್ಚಳ ತೆಗೆದು ಓದು!”

ಸ್ಕ್ರೂಡ್ರೈವರ್ ಮೇಜಿನ ಖಾನೆಯಿಂದ ಕದಲಲಿಲ್ಲ. “ನಾಲ್ಕು ತಿರುಪಿನ ಕೆಲಸ, ತಾಯಿ. ಆದರೆ ಮುಚ್ಚಳಕ್ಕೆ ಕಚೇರಿಯ ಸೀಲಿದೆ. ಹರಿದರೆ ನನಗೆ ನೋಟಿಸು. ಆದೇಶ ಬೇಕು.”

“ಯಾರ ಆದೇಶ?”

“ವರ್ಗವಾಗಿ ಹೋದವರದು.”

ಸಂಜೆಯಾಯಿತು. ಗುಜರಿ ಅಂಗಡಿಯ ಸುತ್ತಿಗೆ ಯಾರನ್ನೂ ಕೇಳದೆ ಮುಚ್ಚಳ ಒಡೆಯಿತು, ಮದರ್‌ಬೋರ್ಡನ್ನು ಎರಡಾಗಿ ಮುರಿಯಿತು, ಹಣೆಯ ಮೇಲಿದ್ದ ಹೆಸರನ್ನು ಗಟ್ಟಿಯಾಗಿ ಓದಿತು. ಓಗೊಡಲು ಮದರ್‌ಬೋರ್ಡ್ ಉಳಿದಿರಲಿಲ್ಲ.

ಆದೇಶಕ್ಕಾಗಿ ಕಾದು ಕೂತವರು ನಿಮಗೆ ಗೊತ್ತಿದ್ದರೆ, ಇದನ್ನು ಇಂದೇ ಅವರಿಗೆ ತಲುಪಿಸಿ.