ಸೀಸೆ ತಂದವನ ಮಾತು

"ಗುರುಗಳೇ, ಗಡ್ಡೆಯ ಚೂರು ನನ್ನ ಕಣ್ಣೆದುರಿಗೇ ಇದೆ. ರೋಗಿಯ ಊರು, ಕೆಲಸ, ಕತೆಯೆಲ್ಲ ನನಗೇಕೆ ಬೇಕು?" ಎಂದು ಶಿಷ್ಯೆ ಕೇಳಿದಳು. ಮೂಳೆಯ ಗಡ್ಡೆಯೊಂದರ ವರದಿಗೆ ಅವಳು ಸಹಿ ಹಾಕುವುದರಲ್ಲಿದ್ದಳು. ಸೂಕ್ಷ್ಮದರ್ಶಕದ ಪಕ್ಕದಲ್ಲಿ ಚೂರು ಬಂದ ಸೀಸೆ ಖಾಲಿಯಾಗಿ ನಿಂತಿತ್ತು.

"ಪೆನ್ನು ಕೆಳಗಿಡು, ತಾಯಿ," ಎಂದು ಗುರುಗಳು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನ ಮಗಳಿಗೆ ಹದಿನೈದು ವರ್ಷ. ಅವಳ ತೊಡೆಯಲ್ಲಿ ಗಟ್ಟಿ ಗಡ್ಡೆಯೊಂದು ಎದ್ದಿತು. ಆಸ್ಪತ್ರೆಯಲ್ಲಿ ಅದರ ಚೂರು ತೆಗೆದು ಸೀಸೆಗೆ ಹಾಕಿ, ಪರೀಕ್ಷೆಗೆ ಕೊಟ್ಟು ಬಾ ಎಂದು ತಂದೆಯ ಕೈಗೇ ಕೊಟ್ಟರು. ಚೀಟಿಯಲ್ಲಿ ಹೆಸರು, ವಯಸ್ಸು, ತೊಡೆಯ ಗಡ್ಡೆ ಎಂಬುದಿಷ್ಟೇ ಇತ್ತು. ನೇಕಾರ ಸೀಸೆಯನ್ನು ಪಂಚೆಯ ಅಂಚಿನಲ್ಲಿ ಮರೆಮಾಡಿಕೊಂಡು ಬಂದ. ಪರೀಕ್ಷಿಸುವ ವೈದ್ಯನ ಮುಂದೆ ನಿಂತು ಏನೋ ಹೇಳಲು ಹೋದ. ವೈದ್ಯ ತಲೆ ಎತ್ತಲಿಲ್ಲ. "ಅಲ್ಲಿಟ್ಟು ಹೋಗಪ್ಪ," ಎಂದ.

ವೈದ್ಯ ಆ ಕೆಲಸದಲ್ಲಿ ಪಳಗಿದವನು. ಚೂರಿನಲ್ಲಿ ಜೀವಕೋಶಗಳು ಅಂಕೆ ಮೀರಿ ಬೆಳೆಯುತ್ತಿದ್ದವು. ನಡುನಡುವೆ ಎಳೆಯ ಮೂಳೆ. ಕ್ಯಾನ್ಸರ್ ಎಂದು ಬರೆದ. ಶಸ್ತ್ರವೈದ್ಯನ ಬಳಿಯಿದ್ದ ಎಕ್ಸ್-ರೇಯಲ್ಲಿ ಮಸುಕು ನೆರಳಷ್ಟೇ ಕಾಣುತ್ತಿತ್ತು. ಅವನು ವರದಿಯನ್ನೇ ನಂಬಿದ. ಮಗ್ಗ ತುಳಿಯುತ್ತಿದ್ದ ಹುಡುಗಿಯ ಕಾಲು ಹೋಯಿತು.

ಕತ್ತರಿಸಿದ ಕಾಲು ಅದೇ ವೈದ್ಯನ ಮೇಜಿಗೆ ಬಂತು. ಅವನು ಗಡ್ಡೆಯನ್ನು ಪೂರ್ತಿ ಸೀಳಿ ನೋಡಿದ. ಚೂರಿನಲ್ಲಿ ಕಂಡ ಆ ಅಬ್ಬರವೆಲ್ಲ ಗಡ್ಡೆಯ ನಡುವೆ ಮಾತ್ರ. ಅಂಚಿಗೆ ಬಂದಂತೆ ಮೂಳೆ ಮಾಗಿ ತಣ್ಣಗಾಗಿತ್ತು. ಕ್ಯಾನ್ಸರ್ ಹಾಗೆ ಮಾಗುವುದಿಲ್ಲ. ಪೆಟ್ಟು ತಿಂದ ಮಾಂಸದೊಳಗೆ ಮೂಳೆ ಕಟ್ಟಿದರೆ ಹಾಗೆ ಮಾಗುತ್ತದೆ; ಅದಕ್ಕೆ ಕಾಲು ತೆಗೆಯಬೇಕಿಲ್ಲ. ವೈದ್ಯ ನೇಕಾರನನ್ನು ಕರೆಸಿದ.

"ಮಗಳು ಎಲ್ಲಾದರೂ ಬಿದ್ದಿದ್ದಳೇ?"

"ಮಗ್ಗದ ಗುಂಡಿಗೆ ಬಿದ್ದಿದ್ದಳು ಸ್ವಾಮಿ. ನಾಟಿ ವೈದ್ಯನ ಹತ್ತಿರ ಇಪ್ಪತ್ತು ದಿನ ಎಣ್ಣೆ ಹಾಕಿ ತಿಕ್ಕಿಸಿದೆವು. ದೊಡ್ಡಾಸ್ಪತ್ರೆಯಲ್ಲಿ ಹೇಳಿದರೆ ಬೈತಾರೆ ಅಂತ ಅಲ್ಲಿ ಬಾಯಿ ಬಿಡಲಿಲ್ಲ."

"ನನಗಾದರೂ ಹೇಳಬಾರದಿತ್ತೇ?"

"ಹೇಳೋಣ ಅಂತಲೇ ನಿಂತಿದ್ದೆ. ಅಲ್ಲಿಟ್ಟು ಹೋಗು ಅಂದಿರಿ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ, "ಹಾಗಾದರೆ ಚೂರು ಸುಳ್ಳು ಹೇಳಿತೇ?" ಎಂದು ಕೇಳಿದಳು.

ಗುರುಗಳು ಖಾಲಿ ಸೀಸೆಯನ್ನು ಅವಳ ಮುಂದಕ್ಕೆ ಸರಿಸಿದರು.

"ಇದನ್ನು ತಂದುಕೊಟ್ಟವರ ಮುಖ ನಿನಗೆ ನೆನಪಿದೆಯೇ?"