ನಡು ಬೇಯದ ಬ್ರೆಡ್ಡು

"ಗುರುಗಳೇ, ಪಾಠಶಾಲೆಯಲ್ಲಿ ನಾನು ಪಾಠ ಹೇಳಲು ತೊಡಗಿ ಮೂರು ವರ್ಷವಾಯಿತು. ಈವರೆಗೆ ಒಬ್ಬ ವಿದ್ಯಾರ್ಥಿಯೂ ತಪ್ಪು ಹೇಳಿದಿರಿ ಎಂದಿಲ್ಲ. ನನ್ನ ವಿದ್ಯೆ ಪಕ್ವವಾಯಿತೆಂದು ತಿಳಿಯಬಹುದೇ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ದರ್ಜಿಗೆ ವಿಷಮಜ್ವರ ಬಂದು ಇಪ್ಪತ್ತೊಂದು ದಿನ ಮಲಗಿದ. ಜ್ವರ ಇಳಿದ ಮೇಲೆ ವೈದ್ಯರು ಅವನ ಹೆಂಡತಿಯನ್ನು ಕರೆದು, "ಇವನ ಕರುಳು ಇನ್ನೂ ಹಸಿ ಗಾಯದಂತಿದೆ. ಬೇಯದ ಒಂದು ತುತ್ತು ಒಳಗೆ ಹೋದರೂ ಜೀವಕ್ಕೆ ಕುತ್ತು. ಮೃದುವಾದ ಬ್ರೆಡ್ಡಿನ ನಡುವೆ ಬೆಂದ ತರಕಾರಿ ಇಟ್ಟು ಕೊಡು" ಎಂದರು. ಆ ಊರಿನಲ್ಲಿ ಬೇಕರಿ ಇರಲಿಲ್ಲ. ಮನೆಯಲ್ಲಿ ಒಂದು ಸಣ್ಣ ಓವನ್ ಇತ್ತು, ಬ್ರೆಡ್ಡು ಬೇಯಿಸುವ ಎರಡು ಟಿನ್ನುಗಳಿದ್ದವು. ಒಂದು ಅಗಲವಾದದ್ದು, ಇನ್ನೊಂದು ಇಕ್ಕಟ್ಟಿನದು. ಅವಳೇ ಬ್ರೆಡ್ಡು ಮಾಡಲು ನಿಂತಳು.

ಮೊದಲ ದಿನ ಹಿಟ್ಟನ್ನು ಅಗಲದ ಟಿನ್ನಿಗೆ ಹಾಕಿದಳು. ಅದು ಉಬ್ಬುವ ಬದಲು ಬದಿಗೆ ಹರಡಿಕೊಂಡಿತು. ಬೆಂದಾಗ ಎರಡು ಬೆರಳಿನಷ್ಟೂ ಎತ್ತರವಿರಲಿಲ್ಲ. ಕೊಯ್ದರೆ ಪಟ್ಟಿಗಳಂತಾಯಿತು, ನಡುವೆ ತರಕಾರಿ ನಿಲ್ಲಲಿಲ್ಲ. ಗಂಡ ಎರಡು ತುಂಡು ತಿಂದು ಸಾಕೆಂದ. ಹಾಸಿಗೆಯಲ್ಲಿ ಅವನು ಒಣಕಡ್ಡಿಯಂತೆ ಕಾಣುತ್ತಿದ್ದ. ಹೀಗೇ ತಿಂದರೆ ಇವನು ಉಳಿಯುವುದಿಲ್ಲ ಎಂಬ ಭಯ ಅವಳನ್ನು ಹಿಡಿಯಿತು.

ಮರುದಿನ ಅಷ್ಟೇ ಹಿಟ್ಟನ್ನು ಇಕ್ಕಟ್ಟಿನ ಟಿನ್ನಿಗೆ ತುರುಕಿದಳು. ಉಬ್ಬುವ ಮೊದಲೇ ಅದು ಅಂಚಿಗೆ ಬಂದಿತ್ತು. ಅವಳು ಅದನ್ನು ನೋಡಿದಳು, ಆದರೂ ತೆಗೆಯಲಿಲ್ಲ. ಎತ್ತರ ಬಂದರೆ ಸಾಕಾಗಿತ್ತು. ಬ್ರೆಡ್ಡು ಟಿನ್ನನ್ನು ಮೀರಿ ಪೇಟದಂತೆ ಎದ್ದಿತು. ಮೇಲ್ಭಾಗ ಕಪ್ಪಾಗತೊಡಗಿದಾಗ ಸೀದೀತೆಂದು ಹೆದರಿ ಹೊರಗೆ ತೆಗೆದಳು. ಬಿಸಿ ಆರಿದ ಮೇಲೆ ಕೊಯ್ದು, ತುದಿಯ ಚೂರನ್ನು ತಾನು ರುಚಿ ನೋಡಿದಳು. ಬೆಂದಿತ್ತು. ಎತ್ತರ ಬಂದ ಖುಷಿಯಲ್ಲಿ, ಮುಟ್ಟಿ ನೋಡದೆ, ನಡುವಿನ ದೊಡ್ಡ ತುಂಡುಗಳನ್ನು ಗಂಡನಿಗೆ ಕೊಟ್ಟಳು.

"ಹೇಗಿದೆ?" ಎಂದಳು.

"ಚೆನ್ನಾಗಿದೆ" ಎಂದ ಅವನು. ಮೂರು ತುಂಡು ತಿಂದ.

ಮಧ್ಯಾಹ್ನದ ಹೊತ್ತಿಗೆ ಅವನ ಹೊಟ್ಟೆ ಹಲಗೆಯಂತೆ ಬಿಗಿಯಿತು. ಮಾತು ನಿಂತಿತು. ಹಣೆ ತಣ್ಣಗಾಗಿ ಬೆವರಿತು. ಅವಳು ಅಡುಗೆಮನೆಗೆ ಓಡಿ ಉಳಿದ ಬ್ರೆಡ್ಡನ್ನು ಮುರಿದಳು. ನಡುವೆ ಬೆರಳು ಹಸಿ ಜೇಡಿಮಣ್ಣಿನಲ್ಲಿ ಹೂತಂತೆ ಹೂತುಹೋಯಿತು. ಎಷ್ಟು ಒರೆಸಿದರೂ ಅಂಟು ಹೋಗಲಿಲ್ಲ. ತನ್ನ ಕೈಯಾರೆ ಗಂಡನನ್ನು ಕೊಂದೆ ಎಂದುಕೊಂಡಳು. ವೈದ್ಯರಿಗೆ ಹೇಳಿ ಕಳಿಸಿದಳು.

ವೈದ್ಯರು ಬಂದು ಹೊಟ್ಟೆ ಮುಟ್ಟಿ ನೋಡಿದರು. "ಕರುಳು ತೂತಾಗಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ. ಸಂಜೆಯವರೆಗೆ ನೋಡೋಣ" ಎಂದು ಅಲ್ಲೇ ಕುಳಿತರು. ಅವಳು ಗಂಡನ ಹೊಟ್ಟೆಯ ಏರಿಳಿತವನ್ನೇ ನೋಡುತ್ತ ಕುಳಿತಳು. ಒಂದು ಉಸಿರು ತಡವಾದರೆ ಅವಳ ಉಸಿರೂ ನಿಲ್ಲುತ್ತಿತ್ತು. ಹೊತ್ತು ಇಳಿಯುವಾಗ ಬಿಗಿ ಸಡಿಲವಾಯಿತು. ಅವನು ನೀರು ಕೇಳಿದ. ವೈದ್ಯರು ಎದ್ದು, "ಈ ಸಲ ಉಳಿದ" ಎಂದು ಹೇಳಿ ಹೋದರು.

ಅವಳು ಕೇಳಿದಳು, "ಹಸಿಯಿದೆ ಎಂದು ನಿಮಗೆ ಗೊತ್ತಾಗಲಿಲ್ಲವೇ?"

"ಮೊದಲ ತುತ್ತಿಗೇ ಗೊತ್ತಾಯಿತು."

"ಮತ್ತೆ ಯಾಕೆ ನುಂಗಿದಿರಿ?"

"ಎಷ್ಟೋ ದಿನದ ಮೇಲೆ ನಿನ್ನ ಮುಖದಲ್ಲಿ ನಗು ಕಂಡಿದ್ದೆ. ಹೇಳಲು ಹೆದರಿದೆ" ಎಂದ.

ಆ ವಾರದ ಸಂತೆಯಲ್ಲಿ ಅವಳು ಎರಡಕ್ಕೂ ನಡುವಿನ ಅಳತೆಯ ಒಂದು ಟಿನ್ನು ತಂದಳು. ಅದೇ ಹಿಟ್ಟು ಅದರಲ್ಲಿ ಅರ್ಧಕ್ಕಿಂತ ತುಸು ಮೇಲೆ ನಿಂತಿತು, ಉಬ್ಬಿ ಅಂಚಿಗೆ ಬಂದಿತು, ಒಳಗೂ ಹೊರಗೂ ಒಂದೇ ಸಮ ಬೆಂದಿತು. ದರ್ಜಿ ಚೇತರಿಸಿಕೊಂಡು ಮತ್ತೆ ಹೊಲಿಗೆಗೆ ಕುಳಿತ. ಬ್ರೆಡ್ಡಿನ ಭಯ ಅವಳಿಗೆ ಅಲ್ಲಿಗೆ ತೀರಿತು. ಆದರೆ ಇನ್ನೊಂದು ಭಯ ತೀರಲಿಲ್ಲ. ಬದುಕಿರುವವರೆಗೂ, ಗಂಡ ಉಣ್ಣುತ್ತ "ಚೆನ್ನಾಗಿದೆ" ಎಂದಾಗಲೆಲ್ಲ ಅವಳ ಎದೆ ಝಲ್ಲೆನ್ನುತ್ತಿತ್ತು. ಅವನ ಮಾತು ಬಿಟ್ಟು ಅವನ ಗಂಟಲನ್ನು ನೋಡುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

"ಪುಣ್ಯವಂತೆ, ಗಂಡ ಉಳಿದ" ಎಂದ ಮರುಳಯ್ಯ.

ಗುರುಗಳು ಕೇಳಿದರು: "ನಿನ್ನ ಪಾಠವನ್ನು ಹೆದರಿ ನುಂಗಿದವರಲ್ಲಿ ಎಷ್ಟು ಜನ ಉಳಿದರು, ಮರುಳಯ್ಯ?"