ಬಾಳವ್ವನ ಪದ, ಕೆಂಚವ್ವನ ಕಣ್ಣು

ಬಹಳ ಹಿಂದೆ, ಯಾವ ಅರಸನ ಆಳ್ವಿಕೆಯೋ ನಮ್ಮ ಹಿರಿಯರಿಗೂ ಗೊತ್ತಿಲ್ಲ, ಎರೆಹಳ್ಳ ಅಂತ ಒಂದು ಊರಿತ್ತು. ಆ ಊರಲ್ಲಿ ಬಾಳವ್ವ ಅಂತ ಒಬ್ಬ ಹೆಣ್ಣುಮಗಳಿದ್ದಳು. ಓದಿದವಳಲ್ಲ, ಬರೆದವಳಲ್ಲ. ಬೀಸುಕಲ್ಲಿನ ಮುಂದೆ ಕೂತರೆ ಸಾಕು, ಪದ ತಾನಾಗಿ ಬರುತ್ತಿತ್ತಂತೆ. ಅವಳ ಪದದಲ್ಲಿ ಜೀವ ಇಲ್ಲದ ವಸ್ತುವೇ ಇರಲಿಲ್ಲ. ಬೀಸುಕಲ್ಲು ಮುನಿಸಿಕೊಂಡ ಅತ್ತೆ. ಹಳ್ಳ ತವರಿಗೆ ಹೊರಟ ಮಗಳು. ಜೋಳದ ತೆನೆ ತಲೆ ತುಂಬ ಸೆರಗು ಹೊದ್ದ ಸೊಸೆ. ಒಂದು ವರ್ಷ ಮಳೆ ತಡವಾದಾಗ, ಮಳೆ ಅಂಬೋ ಅಕ್ಕ ದಾರಿ ಮರೆತಾಳ, ಯಾರಾದರೂ ಕರೀರಿ ಅಂತ ಹಾಡಿದಳಂತೆ. ಮೂರನೆಯ ದಿನ ಮಳೆ ಬಂತಂತೆ. ಅಂದಿನಿಂದ ಬಾಳವ್ವ ಹೇಳಿದ್ದು ಸುಳ್ಳಾಗುವುದಿಲ್ಲ ಅಂತ ಜನ ಅಂದರು. ಅವಳಿಗೂ ಅದು ಕೇಳಲು ಹಿತವಾಗಿಯೇ ಇತ್ತು.

ಅವಳ ಪಕ್ಕದ ಮನೆಗೆ ದೂರದೂರಿಂದ ಒಬ್ಬ ಸೊಸೆ ಬಂದಳು. ಕೆಂಚವ್ವ ಅಂತ. ಕಣ್ಣು ಜೇನಿನ ಬಣ್ಣ. ಆ ಸೀಮೆಯಲ್ಲಿ ಅಂಥ ಕಣ್ಣನ್ನು ಯಾರೂ ಕಂಡಿರಲಿಲ್ಲ. ಬಾಳವ್ವನ ಬೀಸುಕಲ್ಲಿಗೆ ಅವಳೇ ಜೊತೆ ಕೈ. ಅಕ್ಕ ತಂಗಿ ಹಾಗೆ ಇದ್ದರು. ಕೆಂಚವ್ವ ಏಳು ತಿಂಗಳ ಬಸುರಿಯಾದಾಗ ಹಸಿರು ಕುಬಸ ತೊಡಿಸಿ ಮುತ್ತೈದೆಯರು ಆರತಿ ಎತ್ತಿದರು. ಆ ದಿನ ಬಾಳವ್ವ ಹೊಸ ಪದ ಕಟ್ಟಿದಳು.

ನಮ್ಮ ಕೆಂಚೀದು ಕಣ್ಣಲ್ಲ, ಜೋಡಿ ಕೆಂಡ
ನೋಡಿದತ್ತ ಹತ್ತೀತ ಉರಿ.

ಹೆಂಗಸರು ನಕ್ಕರು. ಕೆಂಚವ್ವನ ಗಂಡ ನಾಚಿ ತಲೆ ತಗ್ಗಿಸಿದ. ಊರೆಲ್ಲ ಆ ಪದ ಕಲಿಯಿತು.

ಎಂಟು ದಿನ ಆಗಿತ್ತು. ಬಾಳವ್ವ ಬೇರೆ ಊರಿನ ಮದುವೆಗೆ ಹಾಡಲು ಹೋಗಿದ್ದಳು. ಕೆಂಚವ್ವನ ಗಂಡ ದನದ ಸಂತೆಗೆ ಹೋಗಿದ್ದ. ಆಗ ಮಲಕಾಜಪ್ಪ ಅನ್ನುವ ರೈತನ ಕಣದಲ್ಲಿ ಮೇವಿನ ಬಣವೆಗೆ ಬೆಂಕಿ ಬಿತ್ತು. ಪಕ್ಕದಲ್ಲೇ ಕಟ್ಟಿದ್ದ ಎರಡು ಎತ್ತು ಹಗ್ಗ ಹರಿಯಲಾರದೆ ಅಲ್ಲೇ ಸುಟ್ಟುಹೋದವು. ಯಾರೋ ಚಿಲುಮೆ ಕೊಡವಿದ್ದರು ಅಂತ ಈಗ ಹೇಳುತ್ತಾರೆ. ಆಗ ಯಾರೂ ಹಾಗೆ ಹೇಳಲಿಲ್ಲ. ಆ ಬೆಳಿಗ್ಗೆ ನೀರು ಹೊತ್ತು ಬರುವಾಗ ಕೆಂಚವ್ವ ಕಣದ ಹತ್ತಿರ ನಿಂತು ಎತ್ತುಗಳನ್ನು ನೋಡಿದ್ದಳು ಅಂತ ಒಬ್ಬರು ನೆನಪು ಮಾಡಿದರು. ಪದವನ್ನು ಇನ್ನೊಬ್ಬರು ನೆನಪು ಮಾಡಿದರು.

ಮಾರನೆಯ ಬೆಳಿಗ್ಗೆ ಬಾಳವ್ವ ಮದುವೆಯ ಸೀರೆ ಉಟ್ಟು, ಮಡಿಲಲ್ಲಿ ಎಲೆ ಅಡಿಕೆ ಕಟ್ಟಿಕೊಂಡು ಊರಿಗೆ ಬಂದಳು. ಊರ ಅಗಸಿಬಾಗಿಲು ದಾಟುವಾಗಲೇ ತನ್ನ ಪದ ಕೇಳಿಸಿತು. ಊರಿಗೆ ಊರೇ ಅದನ್ನು ಹೇಳುತ್ತಿತ್ತು. ಮೊದಲು ಅವಳಿಗೆ ಹಿಗ್ಗಾಯಿತು. ಆಮೇಲೆ ಹೆಜ್ಜೆ ನಿಧಾನವಾಯಿತು. ಆ ದನಿಯಲ್ಲಿ ರಾಗ ಇರಲಿಲ್ಲ.

ಕೆಂಚವ್ವನನ್ನು ಕೂರಿಸಿ ಚಾವಡಿಯ ಕಂಬಕ್ಕೆ ಕಟ್ಟಿದ್ದರು. ಕಣ್ಣಿಗೆ ಒದ್ದೆ ಬಟ್ಟೆ ಬಿಗಿದಿದ್ದರು. ಮೈಮೇಲೆ ಅದೇ ಹಸಿರು ಕುಬಸ. ಪಕ್ಕದಲ್ಲಿ ಒಂದು ಗಡಿಗೆ. ಮಲಕಾಜಪ್ಪ ಅದರಲ್ಲಿ ಸುಣ್ಣ ಕಲಸುತ್ತಿದ್ದ. ಅದು ಯಾತಕ್ಕೆ ಅಂತ ತಿಳಿಯಲು ಬಾಳವ್ವನಿಗೆ ಸ್ವಲ್ಪ ಹೊತ್ತು ಹಿಡಿಯಿತಂತೆ. ಅದು ಆ ಕಣ್ಣಿಗೆ ಸುರಿಯಲು. ಮಡಿಲು ಬಿಚ್ಚಿ ಎಲೆ ಅಡಿಕೆ ನೆಲಕ್ಕೆ ಬಿದ್ದದ್ದೂ ಅವಳಿಗೆ ಗೊತ್ತಾಗಲಿಲ್ಲ.

ಊರ ಗೌಡ ಕೇಳಿದ: "ಬಾಳವ್ವ, ಆ ಪದ ನಿಂದೇನು?"

"ನಂದರೀ."

"ಇಕಿ ಕಣ್ಣು ಕೆಂಡ ಅಂದಿದ್ದಿ?"

"ಅಂದೀನ್ರೀ. ಚೆಂದ ಅದಾವ ಅಂತ ಅಂದೆ. ಪದದಾಗಿನ ಮಾತರೀ ಅದು, ಖರೇ ಅಲ್ಲ."

"ಮಳಿ ಕರದಾಗ ಖರೇ ಆತಲ್ಲ."

ಬಾಳವ್ವ ಗೌಡನ ಎದುರಿಗೆ ಬಂದು ನಿಂತಳು. ಮತ್ತೆ ಅಂದಳು: "ಗೌಡ್ರ, ನಿಮ್ಮನ್ನ ಹುಲಿ ಅಂದು ಹಾಡೀನಿ. ನಿಮಗ ಬಾಲ ಐತೇನು?"

ಯಾರೂ ನಗಲಿಲ್ಲ. ಹುಲಿ ಅನ್ನಿಸಿಕೊಂಡದ್ದು ಗೌಡನಿಗೆ ಬೇಕಾಗಿತ್ತು, ಅವನು ಅದನ್ನು ಬಿಡಲೊಲ್ಲ. ಮಲಕಾಜಪ್ಪ ಗಡಿಗೆ ಎತ್ತಿಕೊಂಡು ಎದ್ದ. ಎತ್ತುಗಳನ್ನು ಕರುವಿನಿಂದ ಸಾಕಿದವನು ಅವನು. "ನನ್ನ ಎತ್ತು ಕೂಗಿದ್ದು ನೀ ಕೇಳಿಲ್ಲವ್ವ," ಅಂದ.

ಆಗ ಬಾಳವ್ವ ಚಾವಡಿಯ ಮೂಲೆಗೆ ಹೋದಳು. ಅಲ್ಲಿ ಅರಳೆ ತುಂಬಿದ ಅಂಡಿಗೆ ಚೀಲ ಇದ್ದವು, ಬಿಸಿಲಿಗೆ ಒಣಗಿ ಗರಿಗರಿ ಆಗಿದ್ದವು. ಒಂದರ ಬಾಯಿ ಹರಿದು ಎರಡೂ ಕೈ ತುಂಬ ಅರಳೆ ತಂದಳು. ಕೆಂಚವ್ವನ ಕಣ್ಣ ಬಟ್ಟೆ ಕಿತ್ತಳು. ಜನ ಹಿಂದೆ ಸರಿದು ಒಬ್ಬರ ಮೇಲೊಬ್ಬರು ಬಿದ್ದರಂತೆ. ಗೌಡನೂ ಮುಖ ತಿರುಗಿಸಿದ.

"ನೋಡವ್ವ," ಅಂದಳು ಬಾಳವ್ವ, "ಇದನ್ನ ನೋಡು. ಕಣ್ಣು ಮುಚ್ಚಬ್ಯಾಡ. ಕೆಂಡ ಇದ್ದರ ಹತ್ತಲಿ."

ಅರಳೆಯನ್ನು ಆ ಎರಡು ಕಣ್ಣಿಗೆ ತಾಗುವ ಹಾಗೆ ಹಿಡಿದಳು. ಹೊತ್ತು ಏರಿತು. ಅವಳ ತೋಳು ಸೋತು ಕೆಳಗಿಳಿಯುತ್ತಿತ್ತು, ಮತ್ತೆ ಎತ್ತುತ್ತಿದ್ದಳು. ಬಿಸಿಲು ನೆತ್ತಿಗೆ ಬರುವ ತನಕ ಹಿಡಿದಳು ಅಂತಾರೆ. ಅಷ್ಟು ಹೊತ್ತು ಎರೆಹಳ್ಳದಲ್ಲಿ ಒಂದೂ ಒಲೆ ಹೊತ್ತಲಿಲ್ಲ. ಕೊನೆಗೆ ಬಾಳವ್ವ ಅರಳೆಯನ್ನು ಒಯ್ದು ಮಲಕಾಜಪ್ಪನ ಕೈಯಲ್ಲಿ ಇಟ್ಟಳು.

ಅದು ಕಣ್ಣೀರಿಗೆ ತೊಯ್ದು ಹಿಂಡುವ ಹಾಗಿತ್ತು. ಅವನು ಹಿಂಡಿದ. ನೀರು ಅವನ ಮೊಣಕೈ ತನಕ ಇಳಿಯಿತು. ಹಳ್ಳದಷ್ಟು ಹರಿಯಿತು ಅಂತ ಹೇಳುವವರಿದ್ದಾರೆ. ಅಷ್ಟು ಇರಲಿಕ್ಕಿಲ್ಲ. ಆದರೆ ಮಲಕಾಜಪ್ಪ ತನ್ನ ಕೈ ನೋಡಿದ, ಗಡಿಗೆ ನೋಡಿದ, ತಾನು ಏನು ಮಾಡಲು ಹೊರಟಿದ್ದೆ ಅನ್ನುವುದು ಆಗ ಅವನಿಗೆ ಕಂಡಿತು. ಅಲ್ಲೇ ಕುಸಿದು ಕೂತ. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಬ್ಬೊಬ್ಬರಾಗಿ ಮನೆಗೆ ಹೋದರು.

ಹಗ್ಗ ಬಿಚ್ಚಿದ್ದು ಬಾಳವ್ವನೇ. ಕೆಂಚವ್ವ ಅವಳ ಹೆಗಲು ಹಿಡಿಯಲಿಲ್ಲ. ಕಂಬ ಹಿಡಿದು ತಾನೇ ಎದ್ದಳು.

"ಅಕ್ಕಾ," ಅಂದಳು, "ನೀ ಹಾಡಿದಾಗ ನಾನೂ ನಕ್ಕಿದ್ದೆ."

ಕೆಂಚವ್ವ ಹೆತ್ತು, ಆ ಮಗು ನಡೆಯುವ ತನಕ ಬಾಳವ್ವ ಪದ ಎತ್ತಲಿಲ್ಲವಂತೆ. ಬೀಸುಕಲ್ಲು ಸುಮ್ಮನೆ ತಿರುಗುತ್ತಿತ್ತು. ಒಂದು ದಿನ ಕೆಂಚವ್ವನೇ ಬಂದು ಎದುರು ಕೂತು ಗೂಟ ಹಿಡಿದಳು. ಬಾಳವ್ವ ಮೆಲ್ಲಗೆ ಶುರು ಮಾಡಿದಳು. ಕಲ್ಲು ಅಂಬೋದು ಅತ್ತಿ, ಅಂದಳು. ಅಂದು ಅಲ್ಲೇ ನಿಂತಳು, ಮುಂದೆ ಹೋಗಲು ಹೆದರಿಕೆ. ಆಗ ಕೆಂಚವ್ವ, "ಅಂದಂಗ," ಅಂದಳಂತೆ. ಅತ್ತೆ ಅಲ್ಲ, ಅತ್ತೆ ಅಂದ ಹಾಗೆ. ಆಮೇಲೆ ಪದ ಮುಂದೆ ಹೋಯಿತು.

ಈಗಲೂ ಆ ಕಡೆಯ ಊರುಗಳಲ್ಲಿ ಹಾಡುವವರು ಮದುಮಗಳ ಮುಖವನ್ನು ಚಂದ್ರ ಅಂದರೆ, ಕೂತವರೆಲ್ಲ ಒಟ್ಟಿಗೆ "ಅಂದಂಗ" ಅನ್ನುತ್ತಾರೆ. ಮಳೆ ಅಕ್ಕ ಅಂದರೆ "ಅಂದಂಗ". ಗೌಡ ಹುಲಿ ಅಂದರೆ ಇನ್ನೂ ಜೋರಾಗಿ "ಅಂದಂಗ". ಎರೆಹಳ್ಳದಲ್ಲಿ ಮಾತ್ರ ಒಂದು ಬೇರೆ ಪದ್ಧತಿ ಇದೆ. ಅಲ್ಲಿ ಕೆಂಚವ್ವನ ಮನೆತನದ ಹಿರೀ ಹೆಣ್ಣುಮಗಳು ಮೊದಲು ಅನ್ನಬೇಕು. ಅವಳು ಅನ್ನುವ ತನಕ ಹಾಡುವವರು ಎರಡನೆಯ ಸಾಲು ಎತ್ತುವುದಿಲ್ಲ, ಎಷ್ಟು ಹೊತ್ತಾದರೂ ಕಾಯುತ್ತಾರೆ.